ಹೊಳೆಯುವ ನೆಲ ಉಪ್ಪು ಬಿಟ್ಟಾಗ

ಹಿಂಗಾರು ಮಳೆ ನಿಂತು, ದೀಪಾವಳಿ ಕಳೆದು, ಚಳಿಗಾಲದ ಒಣಗಾಳಿ ಬೀಸತೊಡಗಿದ ಮೇಲೆ ಕೆಜಿಎಫ್, ಬಂಗಾರಪೇಟೆ ಕಡೆ ಹೊಸದಾಗಿ ಮನೆ ಕಟ್ಟಿಸಿದವರ ಬಾಯಲ್ಲಿ ಒಂದು ದೂರು ಕೇಳಿಬರುತ್ತದೆ. ಗೃಹಪ್ರವೇಶದ ದಿನ ಮುಖ ಕಾಣುವಷ್ಟು ಹೊಳೆಯುತ್ತಿದ್ದ ಸಿಮೆಂಟ್ ನೆಲದ ಮೇಲೆ ಈಗ ಬಿಳಿ ಪುಡಿ ಕೂತಿದೆ. ಒರೆಸಿದರೆ ಹೋಗುತ್ತದೆ, ನೆಲ ಆರಿದ ಕೂಡಲೇ ಮತ್ತೆ ಬರುತ್ತದೆ. ಗೋಡೆಯ ಬುಡದಲ್ಲಿ ಹೆಚ್ಚು, ಬಚ್ಚಲ ಹೊಸ್ತಿಲ ಬಳಿ ಇನ್ನೂ ಹೆಚ್ಚು, ಕಾಂಕ್ರೀಟ್ ಎಲ್ಲೆಂದರಲ್ಲಿ ಬಿರಿಯದಿರಲೆಂದು ಕೊಯ್ದ ಗೆರೆಗಳ ಉದ್ದಕ್ಕೂ ದಪ್ಪಗೆ. ನೆಲ ಬೂದು ಬಣ್ಣದ್ದಾದರೆ ಅರ್ಧ ಮರೆಯಾಗುತ್ತದೆ. ಕೆಂಪು ಅಥವಾ ಕಪ್ಪು ಆಕ್ಸೈಡ್ ಹಾಕಿದ್ದರೆ ಮರೆಮಾಚುವ ಮಾತೇ ಇಲ್ಲ.

ಮೇಸ್ತ್ರಿಯನ್ನು ಕರೆಸಿ ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ‘ಉಪ್ಪು ಬಿಟ್ಟಿದೆ ಸಾರ್. ಒಂದು ಬಾಟ್ಲು ಆಸಿಡ್ ತರಿಸಿ, ಉಜ್ಜಿಸಿಬಿಡೋಣ.’ ಈ ಮಾತಿನ ಮೊದಲ ಅರ್ಧ ನಿಜ. ಎರಡನೆಯ ಅರ್ಧ ನೆಲವನ್ನು ಕೆಡಿಸುತ್ತದೆ. ಒಳ್ಳೆಯ ಕೈಯ ಗಾರೆಯವರು ಬೆನ್ನು ಬಗ್ಗಿಸಿ ಕರಣೆಯಲ್ಲಿ ತೀಡಿ ತೀಡಿ ತಂದ ಹೊಳಪು ಕಾಲು ಗಂಟೆಯ ಆಸಿಡ್‌ಗೆ ಸತ್ತುಹೋಗುವುದು ಹೊಟ್ಟೆ ಉರಿಸುವ ಸಂಗತಿ. ಬಾಟಲಿಗೆ ಕೈಹಾಕುವ ಮೊದಲು ಆ ಬಿಳಿ ಎಲ್ಲಿಂದ ಬಂತೆಂದು ನೋಡಬೇಕು.

ಒಣ ಸೀಮೆ, ಒದ್ದೆ ನೆಲ

‘ನಮ್ಮೂರಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗೋದು ಕಷ್ಟ, ನೆಲದಡಿ ತೇವ ಎಲ್ಲಿಂದ ಬರಬೇಕು?’ ಎಂದು ಜನ ಕೇಳುತ್ತಾರೆ. ಕೇಳುವುದು ಸಹಜವೇ. ಕೋಲಾರ ಜಿಲ್ಲೆಗೆ ತುಂಬಿ ಹರಿಯುವ ಹೊಳೆ ಇಲ್ಲ. ವರ್ಷದ ಮಳೆ 700 ಮಿಲಿಮೀಟರ್ ಆಸುಪಾಸು. ಪಾಲಾರ್ ಇದೆ, ಆದರೆ ಬಹುಪಾಲು ದಿನ ಮರಳಾಗಿಯೇ ಇರುತ್ತದೆ. ಗಣಿಗಳ ಕಾಲದಲ್ಲಿ ಕೆಜಿಎಫ್‌ನ ಬಾಯಾರಿಕೆ ಇಂಗಿಸಿದ್ದು ಇದೇ ಪಾಲಾರ್‌ಗೆ ಕಟ್ಟಿದ ಬೇತಮಂಗಲದ ಕೆರೆ.

ಆದರೆ ನೆಲಕ್ಕೆ ಏರುವ ತೇವ ಕೊಳವೆಬಾವಿಯ ಆಳದಿಂದ ಬರುವುದಿಲ್ಲ. ಮೇಲಿನ ನಾಲ್ಕಾರು ಅಡಿ ಮಣ್ಣಿನ ತೇವವೇ ಸಾಕು. ಮಳೆಗಾಲದಲ್ಲಿ ಪಾಯದ ಪಕ್ಕ ಇಂಗಿದ ನೀರು, ಗೋಡೆಗೆ ತಾಗಿಸಿ ಮಾಡಿದ ಹೂವಿನ ಪಾತಿ, ಬಚ್ಚಲ ಪೈಪಿನ ಜಿನುಗು, ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿ ಅಂಗಳದಲ್ಲೇ ನಿಂತ ನೀರು. ಎಲ್ಲಕ್ಕಿಂತ ಮುಖ್ಯವಾಗಿ ಸಂಪು. ನಲ್ಲಿ ನೀರು ದಿನ ಬಿಟ್ಟು ದಿನವೂ ಬಾರದ, ಟ್ಯಾಂಕರ್ ನಂಬಿ ಬದುಕುವ ಬಡಾವಣೆಗಳಲ್ಲಿ ಸಂಪಿಲ್ಲದೆ ಮನೆ ಕಟ್ಟುವವರಿಲ್ಲ. ನಿವೇಶನ ಚಿಕ್ಕದಾದ್ದರಿಂದ ಅದು ಪೋರ್ಟಿಕೋದಡಿಯೋ ಹಾಲಿನ ಗೋಡೆಗೆ ಅಂಟಿಕೊಂಡೋ ಇರುತ್ತದೆ. ಒಳಗಿನ ಗಿಲಾವು ಒಂದು ಮೂಲೆಯಲ್ಲಿ ಬಿರಿದರೆ ಆ ನೀರು ಮೊದಲು ಹೋಗುವುದು ಹಾಲಿನ ನೆಲದಡಿಗೆ. ನೀರಿಲ್ಲದ ಊರು ತನ್ನ ನೀರನ್ನೆಲ್ಲ ಮನೆಯ ಬುಡದಲ್ಲೇ ಕೂಡಿಟ್ಟುಕೊಂಡಿದೆ.

ಇನ್ನೊಂದು ಮುಖವೂ ಇದಕ್ಕಿದೆ. ಉಪ್ಪು ಮೇಲೆ ಕಾಣಿಸಿಕೊಳ್ಳಲು ನೀರು ಏರಿದರೆ ಸಾಲದು, ಏರಿದ ನೀರು ಆರಬೇಕು. ಮಳೆಗಾಲದ ಒದ್ದೆ ಗಾಳಿಯಲ್ಲಿ ಆರುವುದು ನಿಧಾನ. ಕರಗಿದ್ದು ಕರಗಿಯೇ ಇರುತ್ತದೆ. ಕಾರ್ತಿಕ ಕಳೆದ ಮೇಲೆ ಮಣ್ಣಿನೊಳಗೆ ಮಳೆಯ ತೇವ ಇನ್ನೂ ಉಳಿದಿರುತ್ತದೆ, ಮೇಲಿನ ಗಾಳಿ ಮಾತ್ರ ಒಣಗಿರುತ್ತದೆ. ಕೆಳಗಿನ ತೇವವನ್ನು ದೀಪದ ಬತ್ತಿ ಎಣ್ಣೆ ಹೀರುವಂತೆ ಕಾಂಕ್ರೀಟ್ ಹೀರುತ್ತದೆ, ಮೇಲೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಒಣ ಸೀಮೆಯಾದ್ದರಿಂದಲೇ ನಮ್ಮ ನೆಲ ಹೆಚ್ಚು ಬೆಳ್ಳಗಾಗುತ್ತದೆ.

ಆ ಬಿಳಿಯ ದೊಡ್ಡ ಪಾಲು ಸಿಮೆಂಟಿನೊಳಗಿನದೇ. ಸಿಮೆಂಟಿಗೆ ನೀರು ಸೇರಿದಾಗ ಗಟ್ಟಿ ಹಿಡಿಯುವ ಅಂಟಿನ ಜೊತೆಗೆ ಸುಣ್ಣವೂ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡೂ ಹುಟ್ಟುತ್ತದೆ. ಗಟ್ಟಿಯಾದ ಸಾದಾ ಸಿಮೆಂಟಿನಲ್ಲಿ ಇದರ ಪಾಲು ಶೇ 20ರಿಂದ 25. ಒಂದು ಲೀಟರ್ ನೀರಿನಲ್ಲಿ ಇದು ಒಂದೂವರೆ ಗ್ರಾಂಗಿಂತ ತುಸು ಹೆಚ್ಚು ಕರಗುತ್ತದೆ. ನೀರು ತಣ್ಣಗಾದಷ್ಟೂ ಇನ್ನಷ್ಟು ಕರಗುತ್ತದೆ. ಸಂಕ್ರಾಂತಿಯ ಚಳಿಯಲ್ಲಿ ದೂರು ಜಾಸ್ತಿಯಾಗುವುದಕ್ಕೆ ಇದೂ ಒಂದು ಕಾರಣ. ಕರಗಿ ಮೇಲೆ ಬಂದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಸುಣ್ಣ ಬಳಿದ ಗೋಡೆ ಬೆಳ್ಳಗೆ ಗಟ್ಟಿಯಾಗುವುದೂ ಇದೇ ಕ್ರಿಯೆಯಿಂದ. ಒಮ್ಮೆ ಹಾಗಾದ ಮೇಲೆ ಅದು ನೀರಿಗೆ ಬಹುತೇಕ ಕರಗದು. ಮೊದಲ ವಾರ ಒರೆಸಿದರೆ ಹೋಗುತ್ತಿದ್ದ ಬಿಳಿ ಎರಡು ತಿಂಗಳಾದ ಮೇಲೆ ಕಲ್ಲಿನಂತೆ ಹಿಡಿದುಕೊಂಡಿರುವುದು ಈ ಕಾರಣಕ್ಕೆ.

ಇನ್ನುಳಿದದ್ದು ಸೋಡಿಯಂ, ಪೊಟಾಸಿಯಂಗಳ ಸಲ್ಫೇಟು, ಕ್ಲೋರೈಡುಗಳು. ಇವು ಮಣ್ಣಿನಿಂದ, ಇಟ್ಟಿಗೆಯಿಂದ, ಮರಳಿನಿಂದ, ನೀರಿನಿಂದ ಬರುತ್ತವೆ. ಹತ್ತಿಯಂತೆ ಹಗುರವಾಗಿ ಎದ್ದು ನಿಲ್ಲುತ್ತವೆ, ಒದ್ದೆ ಬಟ್ಟೆಗೆ ಮಾಯವಾಗುತ್ತವೆ. ಹಾಗೆಂದು ಇವು ಸಾಧು ಅಲ್ಲ. ಸಲ್ಫೇಟು ನೆಲದ ಮೇಲೆ ಹರಳಾದರೆ ನೋಟಕ್ಕೆ ಮಾತ್ರ ಕೆಡುಕು. ಮೇಲ್ಪದರದ ಕೆಳಗೆ ಹರಳುಗಟ್ಟಿದರೆ ಒಳಗಿನಿಂದ ಒತ್ತಿ ಪೊರೆ ಏಳಿಸುತ್ತದೆ. ಮೇಣವನ್ನೋ ಬಣ್ಣವನ್ನೋ ಬಳಿದು ಮುಚ್ಚಿದ ನೆಲಗಳಲ್ಲಿ ಈ ಅಪಾಯ ಹೆಚ್ಚು.

ಸುರ್ಕಿ ಬಲ್ಲವರು

ಇದೇನು ಹೊಸ ಕಾಯಿಲೆಯಲ್ಲ. ಗಾರೆ ನೆಲ, ರೆಡ್ ಆಕ್ಸೈಡ್ ನೆಲಗಳ ಮೇಲೂ ಉಪ್ಪು ಬಿಡುತ್ತಿತ್ತು. ಆದರೆ ಹಿಂದಿನ ಗಾರೆಯವರ ಕೈಯಲ್ಲಿ ಒಂದು ಉಪಾಯವಿತ್ತು: ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಹದವಾಗಿ ಬೆಂದ, ತೀರಾ ಕಪ್ಪಾಗುವಷ್ಟು ಸುಡದ ಇಟ್ಟಿಗೆಯ ಪುಡಿ ಸುಣ್ಣದೊಂದಿಗೆ ಸೇರಿದರೆ ಬಿಡಿಯಾಗಿರುವ ಸುಣ್ಣವನ್ನು ಕಟ್ಟಿಹಾಕಿ ಗಟ್ಟಿ ಅಂಟಾಗಿಸುತ್ತದೆ. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರದ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆಯೇ. ಇಟ್ಟಿಗೆ, ಹೆಂಚುಗಳಿಗೆ ಹೆಸರಾದ ಮಾಲೂರು ಬಂಗಾರಪೇಟೆಯ ನೆರೆಯಲ್ಲೇ ಇದೆ. ಆದರೂ ನೆಲದ ಕೆಲಸದಲ್ಲಿ ಸುರ್ಕಿ ಕೇಳುವವರು ಈಗ ಅಪರೂಪ.

ಸುರ್ಕಿಯ ಕೆಲಸವನ್ನೇ ಈಗ ಪಿಪಿಸಿ ಸಿಮೆಂಟ್ ಮಾಡುತ್ತದೆ. ಅದರಲ್ಲಿ ಶೇ 15ರಿಂದ 35ರವರೆಗೆ ಹಾರುಬೂದಿ ಇರುತ್ತದೆ. ಅದು ಸುಣ್ಣವನ್ನು ನಿಧಾನವಾಗಿ ತಿಂದುಹಾಕುತ್ತದೆ. ಬೇಗ ಗಟ್ಟಿಯಾಗುತ್ತದೆಂದು ನೆಲಕ್ಕೆ 53 ಗ್ರೇಡಿನ ಸಾದಾ ಸಿಮೆಂಟನ್ನೇ ಬೇಕೆನ್ನುವ ಗುತ್ತಿಗೆದಾರರ ಮಾತಿಗೆ ಮನೆಯವರು ತಲೆಯಾಡಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಾಲಿಶ್ ಮಾಡುವ ನೆಲಕ್ಕೆ ಪಿಪಿಸಿ ಹಾಕಿ, ಒಂದು ವಾರದ ಬದಲು ಕನಿಷ್ಠ ಹತ್ತು ದಿನ ಕ್ಯೂರಿಂಗ್ ಮಾಡಿ. ಐಎಸ್ 456 ಎಂಬ ಭಾರತೀಯ ಮಾನಕವೂ ಇಂಥ ಮಿಶ್ರ ಸಿಮೆಂಟಿಗೆ, ಒಣ ಬಿಸಿ ಹವೆಗೆ ಹತ್ತು ದಿನವನ್ನೇ ಹೇಳುತ್ತದೆ.

ಪಾಲಿಶ್ಡ್ ಕಾಂಕ್ರೀಟ್ ಈ ಊರುಗಳಿಗೆ ಬಂದ ದಾರಿ ರೈಲಿನದು ಎಂದರೆ ತಪ್ಪಾಗದು. ಮಾರಿಕುಪ್ಪಂನಲ್ಲಿ, ಬಂಗಾರಪೇಟೆಯಲ್ಲಿ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರು ಅಲ್ಲಿನ ಕಚೇರಿಗಳಲ್ಲಿ, ಕೆಫೆಗಳಲ್ಲಿ ಬೂದು ಬಣ್ಣದ ನುಣುಪು ನೆಲವನ್ನು ದಿನಾ ನೋಡುತ್ತಾರೆ. ಟೈಲ್ಸ್ ಖರ್ಚು ಉಳಿಯಿತು, ನೋಟವೂ ಚೆಂದ ಎಂದು ತಮ್ಮ ಮನೆಗೂ ಬಯಸುತ್ತಾರೆ. ಬಯಸಲಿ, ಒಳ್ಳೆಯ ನೆಲವೇ. ಅಲ್ಲಿ ನೆಲ ಉಜ್ಜುವ ಯಂತ್ರ ಬರುವ ಮೊದಲು ಕಾಂಕ್ರೀಟಿನಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ, ತಿಂಗಳುಗಟ್ಟಲೆ ಆರಲು ಬಿಟ್ಟಿರುತ್ತಾರೆ. ಇಲ್ಲಿ ಯಂತ್ರ ಬಂತು, ಹಾಳೆಯೂ ತಾಳ್ಮೆಯೂ ಬರಲಿಲ್ಲ. ಗೃಹಪ್ರವೇಶದ ಮುಹೂರ್ತ ಮೊದಲೇ ನಿಗದಿಯಾಗಿರುತ್ತದೆ, ನೆಲ ಆರಿದೆಯೋ ಇಲ್ಲವೋ ಕೇಳುವವರಿಲ್ಲ. ಒಂದೇ ಬದಿಯಿಂದ ಆರುವ ಕಾಂಕ್ರೀಟಿಗೆ ಇಂಚಿಗೆ ಒಂದು ತಿಂಗಳು ಎಂಬುದು ಒರಟು ಲೆಕ್ಕ. ನಾಲ್ಕು ಇಂಚಿನ ನೆಲಕ್ಕೆ ನಾಲ್ಕು ತಿಂಗಳು.

ಕಾಂಕ್ರೀಟಿನೊಳಗೆ ಹೋದದ್ದೇನು

ಕೆಜಿಎಫ್ ಎಂದ ಮೇಲೆ ಸಯನೈಡ್ ದಿಬ್ಬಗಳ ಮಾತು ಬರಲೇಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಾಗಿನಿಂದ 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ ಅಗೆದ ಅದಿರನ್ನು ಅರೆದು, ಚಿನ್ನ ತೆಗೆದು, ಉಳಿದ ನುಣುಪು ಪುಡಿಯನ್ನು ಸುರಿದ ರಾಶಿಗಳಿವು. ಮೂರು ಕೋಟಿ ಟನ್ನಿಗೂ ಮಿಕ್ಕಿದ ಪುಡಿ. ಬೇಸಿಗೆ ಗಾಳಿಗೆ ಇದು ಎದ್ದು ಮನೆಯೊಳಗೆ ನುಗ್ಗುವುದನ್ನು ಅಲ್ಲಿನವರೇ ಬಲ್ಲರು. ಕೆಜಿಎಫ್‌ನದೇ ಚಾಂಪಿಯನ್ ರೀಫ್ಸ್‌ನಲ್ಲಿ ನೆಲೆಯಿದ್ದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯ ಸಂಶೋಧಕರು ಈ ಪುಡಿಗೆ ಸಿಮೆಂಟ್ ಬೆರೆಸಿಯೂ, ಕೆಂಪು ಮಣ್ಣು, ಕಪ್ಪು ಮಣ್ಣು ಬೆರೆಸಿ ಸುಟ್ಟೂ ಇಟ್ಟಿಗೆ ಮಾಡಿ ನೋಡಿ, ಫಲಿತಾಂಶವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಅದು ಅಳೆದು ತೂಗಿ, ಪರೀಕ್ಷಿಸಿ ಮಾಡಿದ ಕೆಲಸ. ಅದನ್ನೇ ನೆಪ ಮಾಡಿಕೊಂಡು ದಿಬ್ಬದ ಪುಡಿಯನ್ನು ನೆಲದಡಿ ತುಂಬುವುದಾಗಲಿ ಮರಳಿಗೆ ಬೆರೆಸುವುದಾಗಲಿ ಬೇಡ. ಚಿನ್ನ ತೆಗೆಯುವ ಕ್ರಮದಲ್ಲಿ ಸಯನೈಡಿನ ಜೊತೆ ಸುಣ್ಣವನ್ನೂ ಬೆರೆಸಲಾಗುತ್ತಿತ್ತು, ಲವಣಗಳೂ ಅದರಲ್ಲಿ ಉಳಿದಿರುತ್ತವೆ. ಆ ಪುಡಿ ಎಷ್ಟು ಸಣ್ಣದೆಂದರೆ ತೇವವನ್ನು ಮೇಲಕ್ಕೆಳೆಯಲು ಅದಕ್ಕಿಂತ ತಕ್ಕ ವಸ್ತು ಬೇರೆ ಬೇಕಿಲ್ಲ. ನೆಲದ ವಿಷಯ ಹಾಗಿರಲಿ, ಆ ದೂಳು ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ಮರಳಿನ ಕತೆಯೂ ಇಷ್ಟೇ ಕಳವಳದ್ದು. ಕೋಲಾರ ಸೀಮೆಯಲ್ಲಿ ಕೆರೆಯಂಗಳದ, ಹೊಲದ ಮಣ್ಣನ್ನು ತೊಳೆದು ತೆಗೆಯುವ ‘ಫಿಲ್ಟರ್ ಮರಳು’ ಕೆರೆಗಳನ್ನೇ ತಿಂದುಹಾಕಿದೆ. ಅದರಲ್ಲಿ ಜೇಡಿ, ಹೂಳು ಉಳಿದಿರುತ್ತದೆ. ಜೇಡಿ ಇದ್ದರೆ ಹದ ಬರಲು ಹೆಚ್ಚು ನೀರು ಬೇಕು, ನೀರು ಹೆಚ್ಚಾದಷ್ಟೂ ಕಾಂಕ್ರೀಟಿನಲ್ಲಿ ಸೂಕ್ಷ್ಮ ರಂಧ್ರಗಳು ಹೆಚ್ಚು. ಮರಳನ್ನು ಗಾಜಿನ ಬಾಟಲಿಯಲ್ಲಿ ನೀರಿನೊಂದಿಗೆ ಕುಲುಕಿ ಒಂದು ರಾತ್ರಿ ಇಟ್ಟರೆ ಮೇಲೆ ಕೂರುವ ಹೂಳಿನ ಪದರವೇ ಸತ್ಯ ಹೇಳುತ್ತದೆ. ತೊಳೆದ ಎಂ-ಸ್ಯಾಂಡ್ ಇದಕ್ಕಿಂತ ಎಷ್ಟೋ ಮೇಲು.

ಇಟ್ಟಿಗೆಗೂ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ, ಐಎಸ್ 3495ರಲ್ಲಿ ಹೇಳಿರುವುದು. ತಟ್ಟೆಯಲ್ಲಿ ಒಂದು ಇಂಚು ಬಟ್ಟಿ ಇಳಿಸಿದ ನೀರು ಹಾಕಿ, ಇಟ್ಟಿಗೆಯನ್ನು ನಿಲ್ಲಿಸಿ, ನೀರು ಪೂರ್ತಿ ಹೀರಿ ಆರುವವರೆಗೆ ಗಾಳಿಯಾಡುವ ಕೋಣೆಯಲ್ಲಿ ಬಿಡಬೇಕು. ಮತ್ತೊಮ್ಮೆ ಅಷ್ಟೇ ನೀರು ಹಾಕಿ ಆರಿಸಬೇಕು. ಬಿಳಿ ಮೈಯ ಹತ್ತನೇ ಒಂದು ಪಾಲಿನೊಳಗಿದ್ದರೆ ಅಲ್ಪ, ಅರ್ಧದವರೆಗಾದರೆ ಮಧ್ಯಮ, ಅದನ್ನು ಮೀರಿದರೆ ಆ ಲೋಡು ವಾಪಸು. ಗೋಡೆಯ ಬುಡದ ನೆಲ ಬೆಳ್ಳಗಾಗುವುದಕ್ಕೆ ಎಷ್ಟೋ ಸಲ ಪಾಯದ ಇಟ್ಟಿಗೆಯೇ ಕಾರಣ.

ಇನ್ನು ನೀರು. ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡ್ ಬಗ್ಗೆ ಎಲ್ಲರಿಗೂ ಗೊತ್ತು, ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲಾಗದು. ನೆಲದ ಬಿಳಿಗೂ ಫ್ಲೋರೈಡಿಗೂ ಸಂಬಂಧವಿಲ್ಲ, ಆ ಪ್ರಮಾಣ ತೀರಾ ಅಲ್ಪ. ನೋಡಬೇಕಾದದ್ದು ಸಲ್ಫೇಟು, ಕ್ಲೋರೈಡುಗಳನ್ನು. ಐಎಸ್ 456 ಪ್ರಕಾರ ಕಾಂಕ್ರೀಟಿನ ನೀರಲ್ಲಿ ಸಲ್ಫೇಟು ಲೀಟರಿಗೆ 400 ಮಿಲಿಗ್ರಾಂ ಮೀರಬಾರದು. ಕಬ್ಬಿಣ ಇರುವ ಕಾಂಕ್ರೀಟಿಗೆ ಕ್ಲೋರೈಡು 500 ಮೀರಬಾರದು. ಇದು ಕಾಂಕ್ರೀಟಿನ ಬಲದ ಲೆಕ್ಕ. ಹೊಳಪಿನ ನೆಲದ ನೋಟಕ್ಕೆ ಇದಕ್ಕಿಂತ ಬಹಳ ಕಡಿಮೆ ಉಪ್ಪಿನ ನೀರು ಬೇಕು. ಗಡಸು ನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಿ, ಅದು ಪೂರ್ತಿ ಆರಿದ ಮೇಲೆ ಮತ್ತೆ ತುಂಬಿಸುವ ಕ್ಯೂರಿಂಗ್ ಅಂತೂ ಉಪ್ಪಿಗೆ ಆಹ್ವಾನವಿದ್ದಂತೆ. ಒದ್ದೆ–ಒಣ ಒದ್ದೆ–ಒಣ ಎಂದಷ್ಟೂ ಸುಣ್ಣ ಮೇಲೇರುತ್ತದೆ. ಒಮ್ಮೆ ಒದ್ದೆ ಮಾಡಿದ ನೆಲವನ್ನು ಆರಗೊಡದೆ ಮುಚ್ಚಿಡುವುದು ಉತ್ತಮ. ಆದರೆ ಆಕ್ಸೈಡ್ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಹೊದಿಸಿದರೆ ಅದರ ಸುಕ್ಕುಗಳ ಗುರುತು ಕಲೆಯಾಗಿ ಉಳಿಯುತ್ತದೆ. ಅಲ್ಲಿ ಬಿಳಿ ಹತ್ತಿ ಬಟ್ಟೆ ಹಾಸಿ ಅದರ ಮೇಲೆ ಹಾಳೆ ಮುಚ್ಚಬೇಕು.

ಗೃಹಿಣಿಯರು ಮಿತವ್ಯಯಕ್ಕಾಗಿ ಮಾಡುವ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಚೆಲ್ಲದೆ ಬಕೆಟ್ಟಿಗೆ ಹಿಡಿದು ನೆಲ ಒರೆಸುತ್ತಾರೆ. ನೀರಿನ ಬೆಲೆ ಗೊತ್ತಿರುವ ಊರಿನ ಒಳ್ಳೆಯ ಬುದ್ಧಿ ಅದು. ಆದರೆ ಯಂತ್ರ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ಬಕೆಟ್ಟಿನಲ್ಲೇ ಇರುತ್ತದೆ. ಹೊಳಪಿನ ನೆಲದ ಮೇಲೆ ಅದು ಆರಿದರೆ ತೆಳುವಾದ ಬಿಳಿ ಪರೆ ಕೂರುತ್ತದೆ, ಮನೆಯವರು ಅದನ್ನು ನೆಲವೇ ಉಗುಳಿದ ಉಪ್ಪೆಂದು ತಿಳಿಯುತ್ತಾರೆ. ಆ ನೀರು ಶೌಚಾಲಯಕ್ಕಿರಲಿ, ಅಂಗಳ ತೊಳೆಯಲಿಕ್ಕಿರಲಿ. ನೆಲ ಒರೆಸಲು ಹಿಡಿದಿಟ್ಟ ಮಳೆನೀರು ಶ್ರೇಷ್ಠ. ಇಲ್ಲವಾದರೆ ನಲ್ಲಿ ನೀರು, ಬಟ್ಟೆಯನ್ನು ಚೆನ್ನಾಗಿ ಹಿಂಡಿ.

ಬಿಳಿ ಯಾವುದು, ಮದ್ದು ಯಾವುದು

ಮೂಲೆಯಲ್ಲಿ ಒಂದು ಸಣ್ಣ ಜಾಗ ಆರಿಸಿಕೊಂಡು ಮೊದಲು ಬರಿಯ ನೀರಿನ ಹನಿ ಬಿಡಿ. ಬಿಳಿ ಕರಗಿ ಮಾಯವಾದರೆ ಅದು ಸಲ್ಫೇಟು, ಕ್ಲೋರೈಡುಗಳ ಉಪ್ಪು. ಕರಗದಿದ್ದರೆ ಒಂದು ಹನಿ ನಿಂಬೆರಸ ಬಿಡಿ. ಸಣ್ಣಗೆ ನೊರೆ ಎದ್ದರೆ ಸುಣ್ಣದ ಕಾರ್ಬೊನೇಟು. ಎರಡಕ್ಕೂ ಜಗ್ಗದೆ ಗಾಜಿನಂತೆ ಗಟ್ಟಿಯಾಗಿದ್ದರೆ ಅದು ಉಪ್ಪೇ ಅಲ್ಲ. ಪಾಲಿಶ್ ಮಾಡುವವರು ಸುರಿದ ಡೆನ್ಸಿಫೈಯರ್ ನೆಲದ ಮೇಲೆ ಒಣಗಿ ಕೂತದ್ದು. ಪರೀಕ್ಷೆ ಆದ ಕೂಡಲೇ ಆ ಜಾಗ ತೊಳೆದುಬಿಡಿ, ನಿಂಬೆರಸವೂ ಹೊಳಪನ್ನು ತಿನ್ನುತ್ತದೆ.

ಡೆನ್ಸಿಫೈಯರ್ ಎಂದರೆ ಸೋಡಿಯಂ, ಪೊಟಾಸಿಯಂ ಅಥವಾ ಲಿಥಿಯಂ ಸಿಲಿಕೇಟಿನ ದ್ರಾವಣ. ನೆಲದೊಳಗಿನ ಬಿಡಿ ಸುಣ್ಣದೊಂದಿಗೆ ಸೇರಿ ಅದನ್ನು ಗಟ್ಟಿ ಅಂಟಾಗಿಸುವುದು ಇದರ ಕೆಲಸ. ಸುರ್ಕಿಯ ತತ್ವವೇ ಇಲ್ಲೂ ಇದೆ. ಆದರೆ ಹೆಚ್ಚಾದದ್ದನ್ನು ಒಣಗುವ ಮುನ್ನ ತೊಳೆದು ತೆಗೆಯದಿದ್ದರೆ ಅದೇ ಹೊಸ ಬಿಳಿಯಾಗುತ್ತದೆ, ಮತ್ತೆ ಯಂತ್ರ ಹಾಕಿ ಉಜ್ಜದೆ ಹೋಗದು. ಅಗ್ಗದ ಸೋಡಿಯಂ ಸಿಲಿಕೇಟಿನಲ್ಲಿ ಈ ತೊಂದರೆ ಹೆಚ್ಚು, ಲಿಥಿಯಂನಲ್ಲಿ ಕಡಿಮೆ. ಇದು ಕೆಳಗಿನ ತೇವವನ್ನು ತಡೆಯುತ್ತದೆಂದು ಮಾರುವವರು ಹೇಳಿದರೆ ನಂಬಬೇಡಿ. ಆವಿಯನ್ನು ತಡೆಯುವ ಶಕ್ತಿ ಇದಕ್ಕಿಲ್ಲ.

ಪುಡಿ ಉಪ್ಪನ್ನು ಒಣ ನೈಲಾನ್ ಬ್ರಷ್ಷಿನಿಂದ ಗುಡಿಸಿ, ವ್ಯಾಕ್ಯೂಮ್ ಇದ್ದರೆ ಎಳೆದು, ಮನೆಯಿಂದ ಆಚೆ ಹಾಕಬೇಕು. ನೀರು ಆಮೇಲೆ, ಅದೂ ತುಸು. ಬಕೆಟ್ಟುಗಟ್ಟಲೆ ಸುರಿದರೆ ಉಪ್ಪು ಕರಗಿ ಬಂದ ದಾರಿಯಲ್ಲೇ ಒಳಗಿಳಿದು ಮುಂದಿನ ವಾರ ಮತ್ತೆ ಮೇಲೆ ಬರುತ್ತದೆ. ಕಬ್ಬಿಣದ ಬ್ರಷ್ ಬೇಡ, ಗೀರು ಬೀಳುತ್ತದೆ, ಉದುರಿದ ಎಳೆ ತುಕ್ಕು ಹಿಡಿಯುತ್ತದೆ.

ಗಟ್ಟಿ ಹಿಡಿದ ಕಾರ್ಬೊನೇಟಿಗೆ ಪಾಲಿಶ್ ಯಂತ್ರದ 800 ಅಥವಾ 1500 ನಂಬರಿನ ರೆಸಿನ್ ಪ್ಯಾಡ್ ಹಾಕಿ ಹಗುರವಾಗಿ ತೀಡಿಸುವುದೇ ಸರಿಯಾದ ಹಾದಿ. ಬಿಳಿಯೂ ಹೋಗುತ್ತದೆ, ಹೊಳಪೂ ಉಳಿಯುತ್ತದೆ.

ಆಸಿಡ್ ಏಕೆ ಬೇಡ? ಅಂಗಡಿಯ ಬಾಟಲಿಯಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದಕ್ಕೆ ಬಿಳಿ ಸುಣ್ಣ ಬೇರೆ, ನೆಲದ ಸುಣ್ಣ ಬೇರೆ ಎಂಬ ಭೇದ ಗೊತ್ತಿಲ್ಲ. ಹೊಳಪಿನ ಮೇಲ್ಪದರವನ್ನೇ ತಿಂದು ರಂಧ್ರಗಳನ್ನು ಅಗಲಿಸುತ್ತದೆ, ಮುಂದಿನ ಉಪ್ಪಿಗೆ ದಾರಿ ಇನ್ನಷ್ಟು ಸಲೀಸು. ಕೆಂಪು ಆಕ್ಸೈಡ್ ಕಬ್ಬಿಣದ್ದಾದ್ದರಿಂದ ಹಳದಿ ಕಲೆ ಏಳಬಹುದು. ಆಸಿಡ್ ಸುಣ್ಣದೊಂದಿಗೆ ಸೇರಿ ಕ್ಯಾಲ್ಸಿಯಂ ಕ್ಲೋರೈಡ್ ಆಗಿ ನೆಲದೊಳಗೇ ಉಳಿಯುತ್ತದೆ. ಗಾಳಿಯ ತೇವವನ್ನು ಎಳೆದುಕೊಳ್ಳುವುದು ಅದರ ಗುಣ. ಹಾಗಾಗಿ ಆಸಿಡ್ ಹಾಕಿದ ನೆಲ ಮುಂದಿನ ಮಳೆಗಾಲದಲ್ಲಿ ಜಿಡ್ಡು ಜಿಡ್ಡಾಗಿ ಬೆವರುತ್ತದೆ. ಆಸಿಡ್ಡನ್ನು ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಿದರಂತೂ ವಿಷಗಾಳಿ ಏಳುತ್ತದೆ, ಎಂದೂ ಸೇರಿಸಬಾರದು.

ಅಷ್ಟೂ ಮಾಡಿ ಮತ್ತೆ ಮತ್ತೆ ಬಿಳಿ ಬಂದರೆ ಮೇಲಿನ ಚಿಕಿತ್ಸೆ ನಿಲ್ಲಿಸಿ ಕೆಳಗಿನ ನೀರನ್ನು ಹುಡುಕಬೇಕು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ರಾತ್ರಿ, ಹದಿನಾರು ಗಂಟೆಯಾದರೂ, ಬಿಡಿ. ಎತ್ತಿದಾಗ ಹಾಳೆಯಡಿ ಹನಿ ಕಂಡರೆ, ನೆಲ ಕಪ್ಪಾಗಿದ್ದರೆ ತೇವ ಕೆಳಗಿನಿಂದ ಬರುತ್ತಿದೆ ಎಂದೇ ಅರ್ಥ. ಇದನ್ನು ಸಂಪಿನ ಪಕ್ಕ, ಬಚ್ಚಲ ಪಕ್ಕ, ನಡುಮನೆಯಲ್ಲಿ ಬೇರೆ ಬೇರೆಯಾಗಿ ಮಾಡಿ ಹೋಲಿಸಿದರೆ ಕಳ್ಳ ಎಲ್ಲಿದ್ದಾನೆಂದು ಗೊತ್ತಾಗುತ್ತದೆ. ಸಂಪಿನ ಅನುಮಾನವಿದ್ದರೆ ಸಂಜೆ ತುಂಬಿಸಿ, ಮೋಟಾರ್ ಹಾಕದೆ, ಗೋಡೆಯಲ್ಲಿ ನೀರಿನ ಮಟ್ಟ ಗುರುತು ಮಾಡಿ ಬೆಳಿಗ್ಗೆ ನೋಡಿ.

ಗಣಿ ನಡೆಯುತ್ತಿದ್ದ ಕಾಲದಲ್ಲಿ ಪಾತಾಳದ ಬಂಡೆ ಸಿಡಿದು ಮೇಲಿನ ಮನೆಗಳೂ ನಡುಗಿ ಬಿರುಕು ಬಿಟ್ಟದ್ದುಂಟು. ಕೆಜಿಎಫ್‌ನ ಹಳೆಯ ಮನೆಗಳಲ್ಲಿ ಹೊಸ ನೆಲ ಹಾಕಿಸುವವರು ಹಳೆಯ ಬಿರುಕುಗಳ ಮೇಲೆ ನೇರವಾಗಿ ಕಾಂಕ್ರೀಟ್ ಸುರಿಯಬಾರದು. ಹಳೆಯದನ್ನು ಕಿತ್ತು, ಜಲ್ಲಿ ಹಾಸಿ ದಮ್ಮಸು ಮಾಡಿ, ಅದರ ಮೇಲೆ 250 ಮೈಕ್ರಾನ್ ದಪ್ಪದ ಹಾಳೆಯನ್ನು ಅರ್ಧ ಅಡಿ ಒಂದರ ಮೇಲೊಂದು ಬರುವಂತೆ ಹಾಸಿ, ಅಂಚನ್ನು ಗೋಡೆಯ ಬುಡದವರೆಗೆ ಏರಿಸಿ ಆಮೇಲೆ ಕಾಂಕ್ರೀಟ್. ಜಲ್ಲಿಯ ದಪ್ಪ ಕಾಳುಗಳ ನಡುವೆ ನೀರು ತಾನಾಗಿ ಏರಲಾರದು, ಹಾಳೆ ಆವಿಯನ್ನೂ ತಡೆಯುತ್ತದೆ. ಇಡೀ ಮನೆಯ ಖರ್ಚಿನಲ್ಲಿ ಈ ಹಾಳೆಯ ಬೆಲೆ ಏನೇನೂ ಅಲ್ಲ.

ಹಾಳೆಯಿಲ್ಲದೆ ಆಗಿಹೋದ ನೆಲದ ಮೇಲೆ ಎಪಾಕ್ಸಿಯನ್ನೋ ದಪ್ಪ ಮೇಣವನ್ನೋ ಬಳಿದು ಉಪ್ಪನ್ನು ಒಳಗೇ ಕೂಡಿಹಾಕುವ ಯೋಚನೆ ಬಿಡಿ. ಕೆಲವೇ ತಿಂಗಳಲ್ಲಿ ಅದು ಗುಳ್ಳೆಯಾಗಿ ಏಳುತ್ತದೆ. ಅಂಥ ನೆಲ ಉಸಿರಾಡುತ್ತಿರಲಿ. ಸಿಲೇನ್ ಬಗೆಯ, ಆವಿ ಹೋಗಗೊಡುವ ಸೀಲರ್ ಸಾಕು. ವರ್ಷ ಕಳೆಯುತ್ತ ಮೇಲ್ಪದರದ ಸುಣ್ಣ ಮುಗಿದು, ಬಿಳಿ ತಾನೇ ಕಡಿಮೆಯಾಗುತ್ತ ಬರುವುದೂ ಉಂಟು.

ಹೊಸದಾಗಿ ಕಟ್ಟುತ್ತಿರುವವರು ಈ ಸೀಮೆಯ ಪಂಚಾಂಗಕ್ಕೆ ಹೊಂದಿಸಿ ಕೆಲಸ ಮಾಡಿಸುವುದು ಜಾಣತನ. ಹಿಂಗಾರು ಕಳೆದ ಮೇಲೆ ನೆಲದ ಕಾಂಕ್ರೀಟ್ ಹಾಕಿಸಿ. ಚಳಿಗಾಲದಲ್ಲಿ ಬರುವ ಮೊದಲ ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸುತ್ತಿರಿ. ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಹಾಳೆ ಅಂಟಿಸಿ ಪರೀಕ್ಷಿಸಿ, ಹನಿ ಇಲ್ಲದಿದ್ದರೆ ಮಾತ್ರ ಮುಂಗಾರಿಗೆ ಮುನ್ನ ಪಾಲಿಶ್ ಮಾಡಿಸಿ ಡೆನ್ಸಿಫೈಯರ್ ಹಾಕಿಸಿ. ಪಾಲಿಶ್ ಗುತ್ತಿಗೆಯ ಕಾಗದದಲ್ಲಿ ಒಂದು ಸಾಲು ಸೇರಿಸಿ: ಕೊನೆಯ ಕಂತು ಮುಂದಿನ ಸಂಕ್ರಾಂತಿಗೆ, ನೆಲ ನೋಡಿದ ಮೇಲೆ.